ಕಾಮಣ್ಣ ನಕ್ಕದ್ದನ್ನು ನಾನು ಕಂಡಿದ್ದೇನೆ

ಎರಡು ವರ್ಷದ ಹಿಂದಿನ ಹೋಳಿ ಹುಣ್ಣಿಮೆಯ ಸಂಜೆ, ಏಳು ಗಂಟೆ ಹತ್ತು ನಿಮಿಷಕ್ಕೆ, ನಾನು ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಸೈಕಲ್ ಅಂಗಡಿಯ ಎರಡನೆಯ ಮೆಟ್ಟಿಲ ಮೇಲೆ ನಿಂತಿದ್ದೆ. ಆ ಮೆಟ್ಟಿಲಿನಿಂದ ಕಾಮಣ್ಣ ಕೂತಿದ್ದ ಕಟ್ಟೆಗೆ ಹದಿನಾಲ್ಕು ಹೆಜ್ಜೆ. ಆಮೇಲೆ ಒಂದು ದಿನ ಹೋಗಿ ಅಳೆದು ಬಂದಿದ್ದೇನೆ. ನಡುವೆ ಜನ ಕಿಕ್ಕಿರಿದಿದ್ದರು, ಆದರೆ ನಾನು ಅವರ ತಲೆಗಳಿಗಿಂತ ಎತ್ತರದಲ್ಲಿದ್ದೆ. ಕಟ್ಟೆಯ ಮೇಲೆ ಎರಡು ದೊಡ್ಡ ಬಲ್ಬು ಉರಿಯುತ್ತಿದ್ದವು. ನನ್ನ ಕನ್ನಡಕ ಆಗಷ್ಟೇ ಬದಲಾಯಿಸಿದ್ದು. ಇಷ್ಟನ್ನೆಲ್ಲ ಮೊದಲೇ ಬರೆಯಲು ಕಾರಣವಿದೆ. ಅಂದು ಕಂಡದ್ದನ್ನು ನೀನು ಕಂಡೇ ಇಲ್ಲ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ.

ನಮ್ಮಲ್ಲಿ ಕಾಮಣ್ಣನೆಂದರೆ ಬರೀ ಸುಡುವ ಗೊಂಬೆಯಲ್ಲ. ಓಣಿಯ ಇಬ್ಬರು ಗಂಡಸರು ರತಿ ಮತ್ತು ಕಾಮನ ವೇಷ ತೊಟ್ಟು, ಸಂಜೆಯಿಂದ ಕಟ್ಟೆಯ ಮೇಲೆ ಕಲ್ಲಿನಂತೆ ಕೂಡುತ್ತಾರೆ. ಯಾರು ಬೇಕಾದರೂ ಎದುರಿಗೆ ಬಂದು ಏನು ಬೇಕಾದರೂ ಆಡಿ ಅವರನ್ನು ನಗಿಸಬೇಕು. ನಗಿಸಿದವರಿಗೆ ಓಣಿಯ ಬಹುಮಾನ. ಹತ್ತೂರಿಂದ ಜನ ಬರುತ್ತಾರೆ. ಅಣಕಿಸುತ್ತಾರೆ, ಬೈಯುತ್ತಾರೆ, ಕುಣಿಯುತ್ತಾರೆ. ಕೂತವರು ನಗುವುದಿಲ್ಲ. ನನಗೆ ತಿಳಿದ ಮಟ್ಟಿಗೆ ಯಾರೂ ನಕ್ಕಿರಲಿಲ್ಲ. ನಮ್ಮ ಓಣಿಯಲ್ಲಿ ಇದಕ್ಕೆ ಇನ್ನೊಂದು ಕಟ್ಟಳೆಯಿತ್ತು, ಅದನ್ನು ಎಲ್ಲಿಯೂ ಬರೆದಿರಲಿಲ್ಲ: ಕಟ್ಟೆಯ ಮುಂದೆ ಆಡಿದ ಮಾತನ್ನು ಮರುದಿನ ಯಾರೂ ಕೇಳುವಂತಿಲ್ಲ. ಬೈಸಿಕೊಂಡವನು ಬೈದವನ ಅಂಗಡಿಗೆ ಹೋಗಿ ಚಹಾ ಕುಡಿಯುತ್ತಿದ್ದ. ಮಿತಿ ಇರಲಿಲ್ಲವೆಂದಲ್ಲ. ಮುಂದಿನ ಸಾಲಿನಲ್ಲಿ ಹಿರಿಯರು, ಮಾಳಿಗೆಯ ಮೇಲೆ ಹೆಣ್ಣುಮಕ್ಕಳು. ಅವರ ಎದುರಿಗೆ ಎಷ್ಟು ಆಡಬೇಕು ಎಂಬುದು ಆಡುವವನಿಗೆ ಗೊತ್ತಿರುತ್ತಿತ್ತು. ಮಿತಿ ಮೀರಿದರೆ ಯಾರಾದರೂ ಗಂಟಲು ಸರಿ ಮಾಡಿಕೊಳ್ಳುತ್ತಿದ್ದರು, ಅಷ್ಟೇ ಸಾಕಾಗುತ್ತಿತ್ತು.

ಅಂದು ಎದುರಿಗೆ ಬಂದವನು ನಮ್ಮ ಓಣಿಯ ದರ್ಜಿ. ಬ್ಯಾಡಗಿಯಿಂದ ಬಂದು ಇಲ್ಲಿ ನೆಲೆಸಿದವನು. ಅದಕ್ಕೆ ಮುಂಚೆ ಇಪ್ಪತ್ತಾರು ಹೋಳಿ ಅವನು ಕಾಮಣ್ಣನ ಮುಂದೆ ನಿಂತಿದ್ದ, ಇಪ್ಪತ್ತಾರು ಸಲವೂ ಸೋತಿದ್ದ. ನನ್ನ ಪಕ್ಕದಲ್ಲಿ ಅದೇ ಮೆಟ್ಟಿಲ ಮೇಲೆ ನನ್ನ ಗೆಳೆಯ ನಿಂತಿದ್ದ. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾಗಿ ಹಾವೇರಿಯಲ್ಲಿದ್ದಾನೆ. ಅಲ್ಲಿ ಒಂದು ವಿಚಾರ ಕೂಟ ನಡೆಸುತ್ತಾನೆ. ಪ್ರತಿ ಹೋಳಿಗೂ ನಮ್ಮ ಮನೆಗೆ ಬಂದು, ಹೋಳಿಗೆ ಉಂಡು, ನನ್ನ ಜೊತೆ ಕಾಮಣ್ಣನನ್ನು ನೋಡಲು ಬರುವುದು ಮೂವತ್ತು ವರ್ಷದ ರೂಢಿ.

ದರ್ಜಿ ಕೊರಳಿನ ಟೇಪು ತೆಗೆದು ಕಾಮಣ್ಣನ ಹೊಟ್ಟೆಗೆ ಸುತ್ತಿದ.

“ಎದಿ ಮೂವತ್ತಾರು, ಹೊಟ್ಟಿ ನಲವತ್ನಾಕು! ಏ ಕಾಮಣ್ಣಾ, ನಿನಗ ಅಂಗಿ ಅಲ್ಲೋ ಮಾರಾಯಾ, ಗುಡಾರ ಹೊಲೀಬೇಕು. ಇರಲಿ, ನಿನಗ ಹೆಣ್ಣು ನೋಡಾಕ ಹೋಗಿದ್ದೆ. ಹುಡುಗಿ ಎಂ.ಎ. ಕಲತೈತಿ. ರೊಟ್ಟಿ ಬಡಿಯಾಕ ಬರತೈತೇನವ್ವಾ ಅಂದೆ. ‘ಬಡಿಯಾಕ ಬರೂದಿಲ್ರಿ ಕಾಕಾ, ಆದ್ರ ರೊಟ್ಟಿ ಮ್ಯಾಲೆ ಇಪ್ಪತ್ತು ಪುಟ ಬರದೇನಿ’ ಅಂತು!”

ಜನ ನಕ್ಕರು. ಮಾಳಿಗೆಯ ಮೇಲಿನ ಹೆಣ್ಣುಮಕ್ಕಳು ಹೆಚ್ಚು ನಕ್ಕರು. ಕಾಮಣ್ಣ ನಗಲಿಲ್ಲ. ದರ್ಜಿ ನಗೆ ಇಳಿಯುವವರೆಗೆ ಕಾದು ಮುಂದುವರಿಸಿದ.

“ಮನಿಗೆ ಬಂದು ಹೇಂತಿಗೆ ಹೇಳಿದೆ. ಆಕಿ ಏನಂದ್ಲು ಗೊತ್ತೇನು? ‘ಹುಡುಗಿ ಶಾಣ್ಯಾಕಿ ಐತಿ. ನಾ ಮೂವತ್ತು ವರ್ಷ ಬಡದು ಹಾಕೇನಿ, ನೀವು ಅದರ ಮ್ಯಾಲೆ ಒಂದು ಸಾಲರೆ ಬರದೀರೇನು? ಇವತ್ತಿಂದ ನೀವ ಬಡೀರಿ’ ಅಂದ್ಲು. ಬಡದೆ! ನನ್ನ ರೊಟ್ಟಿ ನಾಯಿಗೆ ಹಾಕಿದೆ. ನಾಯಿ ಮೂಸಿ ನೋಡ್ತು, ನನ್ನ ಮಾರಿ ನೋಡ್ತು. ‘ದರ್ಜಿ ಅಣ್ಣಾ, ಅಳತಿ ತಪ್ಪೇತಿ, ಬಿಚ್ಚಿ ಹೊಲಕೊಂಡು ಬಾ’ ಅಂತು!”

ಮೊದಲು ಕಾಮಣ್ಣನ ಹೊಟ್ಟೆ ಅಲುಗಿತು. ಟೇಪು ಇನ್ನೂ ಸುತ್ತಿಕೊಂಡೇ ಇದ್ದುದರಿಂದ ಅದು ಸ್ಪಷ್ಟವಾಗಿ ಕಂಡಿತು. ಆಮೇಲೆ ಕೆಳತುಟಿ. ಆಮೇಲೆ ಬಾಯಿ ತೆರೆದು, ಹಲ್ಲು ಕಾಣುವಂತೆ, ಸದ್ದು ಮಾಡಿ ನಕ್ಕ. ಬಣ್ಣ ಹಚ್ಚಿದ ಕೆನ್ನೆಯ ಮೇಲೆ ನೀರು ಇಳಿಯಿತು. ಗೆಳೆಯ ನನ್ನ ಭುಜ ಹಿಡಿದು ಅಲುಗಾಡಿಸಿ, “ನಕ್ಕ! ನಕ್ಕನೋ!” ಎಂದು ಕೂಗಿದ. ದರ್ಜಿ ಕಟ್ಟೆಯ ಕೆಳಗೆ ಕೂತುಬಿಟ್ಟ. ಅಂದು ಅವನನ್ನು ಹೊತ್ತುಕೊಂಡು ಹೋಗಿ ಮನೆ ಮುಟ್ಟಿಸಿದರು. ಬಹುಮಾನವನ್ನು ಯುಗಾದಿಯ ದಿನ ಎಲ್ಲರೆದುರು ಕೊಡುವುದೆಂದು ಹಿರಿಯರು ಹೇಳಿದರು.

ನಾಲ್ಕನೆಯ ದಿನ ಊರಿನ ಫೋನುಗಳಲ್ಲಿ ಒಂದು ವಿಡಿಯೋ ಹರಿದಾಡಿತು. ಅದು ‘ಇಪ್ಪತ್ತು ಪುಟ ಬರದೇನಿ’ ಎನ್ನುವಲ್ಲಿಗೆ ಮುಗಿಯುತ್ತಿತ್ತು. ಓದಿದ ಹೆಣ್ಣುಮಕ್ಕಳಿಗೆ ಅವಮಾನ, ದಪ್ಪಗಿರುವವರಿಗೆ ಅವಮಾನ ಎಂದು ಕೆಳಗೆ ಬರೆದಿದ್ದರು. ಯಾರು ಕತ್ತರಿಸಿದರೋ ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ. ಹಾವೇರಿಯ ಗೆಳೆಯನ ಕೂಟ ಇದನ್ನು ಚರ್ಚೆಗೆ ತೆಗೆದುಕೊಂಡಿತು, ದರ್ಜಿಯನ್ನು ವಿವರಣೆಗೆ ಕರೆಯಿತು.

ದರ್ಜಿ ಹೋಗಲು ಒಪ್ಪಲಿಲ್ಲ. ನಾನು ನಡೆಸುವ ಅಚ್ಚಿನ ಪ್ರೆಸ್ಸಿಗೆ ಬಂದು ಹೇಳಿದ: “ಅಣ್ಣಾರ, ಕಟ್ಟಿ ಮುಂದ ಆಡಿದ ಮಾತು ಅಲ್ಲೇ ಮುಗೀತು. ಅದನ್ನ ಎತ್ತಿಕೊಂಡು ಹಾವೇರಿಗೆ ಹೆಂಗ ಹೋಗ್ಲಿ? ಯಾರೂ ಹೋಗಿಲ್ಲ.”

“ಅಲ್ಲಿ ಕೇಳಾವ ನನ್ನ ದೋಸ್ತ. ಪೂರಾ ಕೇಳಿದಾವ. ನಿನಗೇನೂ ಆಗೂದಿಲ್ಲ, ಹೋಗು,” ಎಂದೆ.

ಅವನನ್ನು ಕಳಿಸಿದವನು ನಾನು. ಗೆಳೆಯನ ಮೇಲೆ ನನಗಿದ್ದ ನಂಬಿಕೆಗೆ ಒಂದು ಹಿನ್ನೆಲೆಯಿತ್ತು. ಇಪ್ಪತ್ತು ವರ್ಷದ ಹಿಂದೆ ಅವನು ಹರಕೆಗಳನ್ನು ಗೇಲಿ ಮಾಡಿ ಒಂದು ಲೇಖನ ಬರೆದಿದ್ದ. ಅದು ಅಚ್ಚಾಗುತ್ತಿದ್ದುದು ನನ್ನ ಪ್ರೆಸ್ಸಿನಲ್ಲಿ. ನಾನು ಹಳೆಯ ನಡೆಯವನು. ಶನಿವಾರ ಕದರಮಂಡಲಗಿಯ ಆಂಜನೇಯನಿಗೆ ನಡೆದುಕೊಳ್ಳುವವನು. ಹರಕೆ ತೀರಿಸಿದ ಮೇಲೆ ಹುಟ್ಟಿದ ಮಗ ನನಗಿದ್ದಾನೆ. ಆ ಲೇಖನದ ಅಕ್ಷರ ಜೋಡಿಸುವಾಗ ಮನಸ್ಸಿಗೆ ನೋವಾಗಿತ್ತು, ಆದರೂ ಒಂದು ಅಕ್ಷರ ಬಿಡಲಿಲ್ಲ. ಅಚ್ಚು ನಿಲ್ಲಿಸಬೇಕೆಂದು ಹದಿನೈದಿಪ್ಪತ್ತು ಜನ ಬಂದರು. ಎಲ್ಲ ನನ್ನವರೇ, ಗುಡಿಯಲ್ಲಿ ಜೊತೆಗೆ ನಿಲ್ಲುವವರು. ಗೆಳೆಯ ಒಳಗೆ ಕಾಗದದ ಹೊರೆಗಳ ಹಿಂದೆ ಕೂತಿದ್ದ. ನಾನು ಬಾಗಿಲಲ್ಲಿ ನಿಂತು, “ಅವ ಬರದದ್ದು ತಪ್ಪು ಅಂತ ನೀವೂ ಬರ್ಕೊಂಡು ಬರ್ರಿ, ಅದನ್ನೂ ಹಾಕ್ತೀನಿ. ನಿಂದರಸೂದು ಮಾತ್ರ ಇಲ್ರಿ,” ಎಂದೆ. ಅವರು ಬೈದು ಹೋದರು. ಕೆಲವರು ಇಂದಿಗೂ ಮದುವೆ ಪತ್ರಿಕೆ ಬೇರೆ ಕಡೆ ಮಾಡಿಸುತ್ತಾರೆ.

ಹಾವೇರಿಯ ಸಭೆಗೆ ನಾನೂ ಹೋದೆ. ಬಾಗಿಲಿನಿಂದ ಮೂರನೆಯ ಕುರ್ಚಿ. ಸುಮಾರು ನಲವತ್ತು ಜನ ಇದ್ದರು. ಗೆಳೆಯ ನಡುವೆ ಕೂತಿದ್ದ. ಮೇಜಿನ ಮೇಲೆ ಅವನ ಫೋನು ರೆಕಾರ್ಡ್ ಮಾಡುತ್ತಿತ್ತು.

“ನೀವು ಅವತ್ತು ಏನಂದ್ರಿ, ಇದ್ದದ್ದು ಇದ್ದಂಗ ಹೇಳ್ರಿ,” ಎಂದ ಗೆಳೆಯ.

ದರ್ಜಿ ಎದ್ದು ನಿಂತ. ಒಮ್ಮೆ ನನ್ನ ಕಡೆ ನೋಡಿದ. ನಾನು ಹೇಳು ಎಂದು ತಲೆ ಅಲ್ಲಾಡಿಸಿದೆ. ಅವನು ಕಟ್ಟೆಯ ಮುಂದೆ ಹೇಳಿದಂತೆಯೇ, ಒಂದು ಮಾತು ಬಿಡದೆ ಹೇಳಲು ತೊಡಗಿದ. ಅದೇ ಅವನು ಮಾಡಿದ ತಪ್ಪು, ಮಾಡಿಸಿದವನು ನಾನು. ಕಟ್ಟೆಯ ಮುಂದೆ ಆ ಮಾತು ಕಾಮಣ್ಣನಿಗೆ ಆಡಿದ್ದಾಗಿತ್ತು. ಇಲ್ಲಿ ಕಾಮಣ್ಣನಿರಲಿಲ್ಲ, ನಗಲು ಬಂದವರೂ ಇರಲಿಲ್ಲ. ಟ್ಯೂಬಲೈಟಿನ ಕೆಳಗೆ, ನೋಟ್‌ಬುಕ್ಕು ಹಿಡಿದವರ ಎದುರು, ಅದು ಬರೀ ಒಬ್ಬ ದರ್ಜಿ ಓದಿದ ಹೆಣ್ಣುಮಗಳ ಬಗ್ಗೆ ಆಡಿದ ಮಾತಾಗಿ ಕೇಳಿಸಿತು. ‘ಇಪ್ಪತ್ತು ಪುಟ’ ಎನ್ನುತ್ತಿದ್ದಂತೆ ಗೆಳೆಯ ಕೈ ಎತ್ತಿದ.

“ಸಾಕು.”

“ಇನ್ನೂ ಐತ್ರಿ ಸರ, ಮುಂದ ನನ್ನ ಹೇಂತಿ...”

“ಸಾಕು ಅಂದ್ನೆಲ್ರಿ. ಅಂದದ್ದು ನೀವು ಒಪ್ಪಿದಂಗಾತು.”

ನಾನು ಎದ್ದು, ಪೂರ್ತಿ ಕೇಳಿರಿ ಎಂದೆ. ಅವನು ನನ್ನನ್ನು ನೋಡದೆ, “ಸಭೆಗೆ ಬಂದವರು ನಡುವೆ ಮಾತಾಡಬಾರದು,” ಎಂದ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನು ನನ್ನೊಂದಿಗೆ ಪುಸ್ತಕದ ಭಾಷೆಯಲ್ಲಿ ಮಾತಾಡಿದ್ದು. ಆ ರೆಕಾರ್ಡು ಅಂದೇ ಊರೆಲ್ಲ ಹರಡಿತು. ಈ ಸಲ ಅದನ್ನು ಕತ್ತರಿಸುವ ಅಗತ್ಯವೂ ಇರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ದರ್ಜಿ ಹೇಳಿದ: “ಇಪ್ಪತ್ತು ಪುಟ ಬರದಾಕಿ ನನ್ನ ಮಗಳ್ರಿ ಅಣ್ಣಾರ. ಬ್ಯಾಡಗ್ಯಾಗ ಕಾಲೇಜಿನ್ಯಾಗ ಕಲಸ್ತಾಳ. ಆಕಿ ಹೇಳಿದ್ದ ಮಾತ ಅದು, ಮನ್ಯಾಗ, ನಕ್ಕೊಂತ. ನಾನೂ ಬರ್ತೀನಪ್ಪಾ ಹಾವೇರಿಗೆ ಅಂದ್ಲು. ನಾನ ಬ್ಯಾಡ ಅಂದೆ. ಮಗಳ ಹೆಸರು ಸಭಾದಾಗ ಯಾಕ?”

ಕೂಟದವರು ಹೆಣ್ಣುಮಕ್ಕಳ ಮರ್ಯಾದೆಗಾಗಿ ಸಭೆ ಕರೆದಿದ್ದರು. ಆ ಮರ್ಯಾದೆ ಕಾಯಲು ಸುಮ್ಮನಿದ್ದವನು ದರ್ಜಿಯೊಬ್ಬನೇ.

ಆಮೇಲೆ ಓಣಿಯ ಹಿರಿಯರು ಸಭೆ ಸೇರಿದರು. ಮುಂದಿನ ವರ್ಷ ಕಾಮಣ್ಣನನ್ನು ಕೂಡಿಸಲು ಪರವಾನಗಿ ಕೊಡಬಾರದೆಂದು ಹಾವೇರಿಯಿಂದ ಅರ್ಜಿ ಹೋಗಲಿದೆ ಎಂಬ ಹೆದರಿಕೆ ಅವರಿಗೆ. ಬಹುಮಾನ ಕೊಟ್ಟರೆ ಮಾತನ್ನು ಮೆಚ್ಚಿದಂತೆ. ಕೊಡದಿರಬೇಕೆಂದರೆ ಕಾಮಣ್ಣ ನಕ್ಕಿರಬಾರದು. ಹೀಗಾಗಿ ಅವನು ನಗಲಿಲ್ಲವೆಂದು ತೀರ್ಮಾನವಾಯಿತು. ಕಾಮಣ್ಣನ ವೇಷ ಹಾಕಿದ್ದ ಹುಡುಗನನ್ನು ಕರೆಸಿದರು.

“ಧೂಳ ಇತ್ರಿ. ಕೆಮ್ಮು ಬಂದಿತ್ತು,” ಎಂದ ಅವನು, ನೆಲ ನೋಡುತ್ತ.

“ಕೆಮ್ಮಿದಾಗ ಹಲ್ಲು ಕಾಣ್ತಾವೇನಪಾ?” ಎಂದು ಹಿಟ್ಟಿನ ಗಿರಣಿಯ ಅಜ್ಜಿ ಬಾಗಿಲಲ್ಲಿ ನಿಂತು ಕೇಳಿದಳು.

“ಯವ್ವಾ, ನೀ ಸುಮ್ಮನ ಕುಂದ್ರ,” ಎಂದರು ಹಿರಿಯರೊಬ್ಬರು.

“ನಾ ಸುಮ್ಮನ ಕುಂದ್ರಾಕ ನಾನೇನು ಕಾಮಣ್ಣೇನೋ?” ಎಂದಳು. ಕೆಲವರು ನಕ್ಕರು. ತೀರ್ಮಾನ ಬದಲಾಗಲಿಲ್ಲ.

ಮರುವರ್ಷದ ಹೋಳಿಗೆ ಹದಿನೈದು ದಿನ ಮೊದಲು ಗೆಳೆಯ ನನ್ನ ಪ್ರೆಸ್ಸಿಗೆ ಬಂದ. ಓಣಿಯವರು ಅವನನ್ನೇ ಸಲಹೆಗಾರನನ್ನಾಗಿ ಮಾಡಿಕೊಂಡಿದ್ದರು. ಕೈಯಲ್ಲಿ ಒಂದು ಪ್ರಕಟಣೆಯ ಕರಡು. ಕಾಮಣ್ಣನ ಮುಂದೆ ಆಡುವ ಮಾತನ್ನು ಮೂರು ದಿನ ಮುಂಚೆ ಬರೆದು ಒಪ್ಪಿಗೆ ಪಡೆಯಬೇಕು. ರೂಪ, ಬಣ್ಣ, ವಯಸ್ಸು, ಕಸುಬು, ಓದು, ಹೆಣ್ಣುಮಕ್ಕಳು, ಇವುಗಳ ಬಗ್ಗೆ ಹಾಸ್ಯ ಕೂಡದು. ಹಿಂದಿನ ವರ್ಷ ಆಕ್ಷೇಪಕ್ಕೆ ಒಳಗಾದವರಿಗೆ ಅವಕಾಶವಿಲ್ಲ.

ಮೊದಲಿನಿಂದ ಕೊನೆಯವರೆಗೆ ಓದಿ ಕೇಳಿದೆ: “ನೀ ನನ್ನ ಬಾಜೂಕ ನಿಂತಿದ್ದೆಲ್ಲೋ. ಅವ ನಕ್ಕಿದ್ದು ನೋಡೀದಿ.”

“ನೋಡೇನಿ.”

“ಮತ್ತ?”

“ನಕ್ಕಾ ಅಂತ ಒಪ್ಪಿದ್ರ ಆ ಮಾತು ಗೆದ್ದಂಗ ಆಗ್ತದ. ನಾಳೆ ಎಲ್ಲಾರೂ ಹಂಗ ಮಾತಾಡಾಕ ಹತ್ತುತಾರ. ಪರಿಣಾಮ ನೋಡಬೇಕಲ್ಲೋ.”

“ನಿನ್ನ ಲೇಖನದ ಪರಿಣಾಮ ನಾ ನೋಡಿದ್ದಿಲ್ಲ.”

“ಅದು ವಿಚಾರ ಇತ್ತು. ಇದು ಓಣ್ಯಾಗಿನ ಚೇಷ್ಟೆ. ಎರಡೂ ಒಂದ ಏನು?”

“ಅದು ನಿಂದಿತ್ತು, ಇದು ಅವಂದು. ಮತ್ತೇನೂ ಫರಕ್ ನನಗ ಕಾಣವಲ್ದು.”

ಅವನು ಕರಡಿನ ಮೇಲೆ ಬೆರಳಿಟ್ಟು, “ಅಚ್ಚು ಹಾಕೂದಿಲ್ಲೇನು ಹಂಗಾರ?” ಎಂದ.

ಹಾಕಿದೆ. ಒಂದು ಅಕ್ಷರ ಬಿಡದೆ ಹಾಕಿದೆ. ನಿಲ್ಲಿಸುವ ಕೆಲಸ ನಾನು ಯಾವತ್ತೂ ಮಾಡಿದವನಲ್ಲ. ಇಪ್ಪತ್ತು ವರ್ಷದ ಹಿಂದೆ ಬಾಗಿಲಲ್ಲಿ ನಿಂತು ಆಡಿದ ಮಾತು ಅವನೊಬ್ಬನಿಗಾಗಿ ಆಡಿದ್ದಾಗಿರಲಿಲ್ಲ. ಆದರೆ ಕಟ್ಟು ಕಟ್ಟಿ ಅವನ ಕೈಗೆ ಕೊಡುವಾಗ, ಚಹಾ ಕುಡಿದು ಹೋಗು ಎನ್ನಲು ನನಗೆ ಬಾಯಿ ಬರಲಿಲ್ಲ. ಆ ವರ್ಷ ಅವನು ಹೋಳಿಗೆ ಉಣ್ಣಲು ಬರಲಿಲ್ಲ, ನಾವೂ ಕರೆಯಲಿಲ್ಲ.

ಆ ಹೋಳಿಯಲ್ಲಿ ಏಳು ಜನ ಚೀಟಿ ಹಿಡಿದು ಬಂದು ಓದಿದರು. ಒಬ್ಬ ಪ್ಲಾಸ್ಟಿಕ್ ಚೀಲದ ಬಗ್ಗೆ ಓದಿದ. ರತಿ-ಕಾಮರು ಕದಲಲಿಲ್ಲ. ನೋಡಲು ಬಂದವರೂ ಕದಲಲಿಲ್ಲ. ನನ್ನ ಪಕ್ಕದ ಹೆಂಗಸು ಮಗುವನ್ನು ಎತ್ತಿಕೊಂಡು ಬೇಗ ಮನೆಗೆ ನಡೆದಳು. ದರ್ಜಿ ತನ್ನ ಅಂಗಡಿಯೊಳಗೆ ಮಿಷನ್ನು ತುಳಿಯುತ್ತಿದ್ದ. ಬಾಗಿಲು ಅರ್ಧ ಮುಚ್ಚಿತ್ತು. ನಾನು ಹೋಗಿ ಎದುರಿನ ಸ್ಟೂಲಿನ ಮೇಲೆ ಕೂತೆ.

“ನಕ್ಕಿದ್ದ ಹೌದಲ್ರಿ ಅಣ್ಣಾರ?” ಎಂದು ಕೇಳಿದ. “ಒಮ್ಮೊಮ್ಮೆ ನನಗೂ ಕೆಮ್ಮ ಇದ್ದೀತು ಅನಸಾಕ ಹತ್ತೇತಿ.”

ನನ್ನನ್ನು ಬರೆಯಲು ಕೂಡಿಸಿದ್ದು ಈ ಮಾತು. ಅವನ ಬಾಯಿಂದ ಮಾತು ಕಿತ್ತುಕೊಂಡರು, ಅದನ್ನು ಹೇಗೋ ತಡೆದುಕೊಂಡಾನು. ಅವನು ಕಂಡದ್ದರ ಮೇಲೆಯೇ ಅವನಿಗೆ ಅನುಮಾನ ಬರುವಂತೆ ಮಾಡಿದರು.

ಆದ್ದರಿಂದ ಬರೆಯುತ್ತೇನೆ: ನಕ್ಕ. ಕಂಡವರಲ್ಲಿ ಸೈಕಲ್ ಅಂಗಡಿಯವರು ಹೋದ ಶ್ರಾವಣದಲ್ಲಿ ತೀರಿಕೊಂಡರು. ಉಳಿದವರು ಇದ್ದಾರೆ. ಹಿಟ್ಟಿನ ಗಿರಣಿಯ ಅಜ್ಜಿ ಇದ್ದಾಳೆ, ಕೇಳಿದವರಿಗೆಲ್ಲ ಹೇಳುತ್ತಾಳೆ. ಕರ್ಜಗಿಯ ನನ್ನ ತಂಗಿಯ ಗಂಡ ಅಂದು ಕಟ್ಟೆಯ ಎಡಬದಿಯಲ್ಲಿದ್ದರು, ಅವರೂ ಕಂಡಿದ್ದಾರೆ. ರತಿಯ ವೇಷದಲ್ಲಿ ಕೂತಿದ್ದವನು ಹೂವಿನ ಅಂಗಡಿ ಇಟ್ಟಿದ್ದಾನೆ. ಅವನು ಮುಂದೆ ನೋಡುತ್ತ ಕೂತಿದ್ದರಿಂದ ಕಾಣಲಿಲ್ಲ, ಸದ್ದು ಕೇಳಿದೆ ಎನ್ನುತ್ತಾನೆ. ಕಾಮಣ್ಣನಾಗಿದ್ದ ಹುಡುಗ ಈಗ ಕುಮಾರಪಟ್ಟಣದ ಕಡೆ ಕೆಲಸಕ್ಕೆ ಹೋಗುತ್ತಾನೆ, ಎದುರಿಗೆ ಸಿಕ್ಕರೆ ನನಗೆ ನಮಸ್ಕಾರ ಮಾಡುತ್ತಾನೆ. ದರ್ಜಿ ಇದ್ದಾನೆ. ಹಾವೇರಿಯಲ್ಲಿ ನನ್ನ ಗೆಳೆಯನಿದ್ದಾನೆ, ಆರೋಗ್ಯವಾಗಿದ್ದಾನೆ. ನನಗಿಂತ ಚೆನ್ನಾಗಿ ಕಂಡವನು ಅವನೇ.