ಹದಿನೈದು ದಿನದ ಗುಳಿಗೆ

ಕಳೆದ ವರ್ಷ ಯುಗಾದಿಯ ಮರುದಿನ ಬೆಳಿಗ್ಗೆ, ಕಲಬುರಗಿ ಹತ್ತಿರದ ಕಮಲಾಪುರದಲ್ಲಿರುವ ನನ್ನ ಅಕ್ಕ ಸೂಜಿಗೆ ದಾರ ಪೋಣಿಸಲು ಕುಳಿತವಳು ತನಗೆ ಎರಡೆರಡು ಸೂಜಿ ಕಾಣುತ್ತಿವೆ ಎಂದಳು. ಅವಳು ಮನೆಯಲ್ಲೇ ಕುಪ್ಪಸ ಹೊಲಿಯುತ್ತಾಳೆ.

ಅದಕ್ಕೂ ಮೊದಲಿನ ಶ್ರಾವಣದಲ್ಲಿ, ಸಂಜೆಯಾದರೆ ಕಣ್ಣು ಮಂಜಾಗುತ್ತದೆ ಎಂದು ಕಲಬುರಗಿಯ ವೈದ್ಯರೊಬ್ಬರಿಗೆ ತೋರಿಸಿದ್ದೆವು. ಅವರು ಎ ವಿಟಮಿನ್ ಗುಳಿಗೆಯನ್ನು ಹದಿನೈದು ದಿನಕ್ಕೆ ಬರೆದುಕೊಟ್ಟರು. ಚೀಟಿ ಕಳೆದುಹೋಯಿತು. ನಮ್ಮಲ್ಲಿ ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಗುಳಿಗೆ ತೀರಿದ ಖಾಲಿ ಪಟ್ಟಿ ತೋರಿಸಿದರೆ ಔಷಧಿ ಅಂಗಡಿಯವರು ಅದೇ ಗುಳಿಗೆ ಕೊಡುತ್ತಾರೆ. ಅಕ್ಕ ಬಸ್ಸಿನಲ್ಲಿ ಕಲಬುರಗಿಗೆ ಬರುವವರ ಕೈಯಲ್ಲಿ ನನಗೆ ಖಾಲಿ ಪಟ್ಟಿ ಕಳಿಸುತ್ತಿದ್ದಳು. ಪತ್ರಿಕಾ ಕಚೇರಿಗೆ ಹೋಗುವ ದಾರಿಯಲ್ಲಿ ನಾನು ಸೂಪರ್ ಮಾರ್ಕೆಟ್ ಪೇಟೆಯ ಔಷಧಿ ಅಂಗಡಿಯಲ್ಲಿ ಕೊಂಡು ಕಳಿಸುತ್ತಿದ್ದೆ. ಪಟ್ಟಿಯ ಮೇಲೆ ಗುಳಿಗೆಯ ಹೆಸರಿತ್ತು, ಎಷ್ಟು ದಿನ ನುಂಗಬೇಕೆಂದು ಇರಲಿಲ್ಲ.

ಇಷ್ಟು ದಿನ ನುಂಗಬಹುದೇ ಎಂದು ಒಮ್ಮೆ ಅಂಗಡಿಯವನನ್ನು ಕೇಳಿದ್ದೆ.

"ವಿಟಮಿನ್ ಅದರಿ ಸಾಹೇಬ್ರ, ವಿಷ ಏನಲ್ಲ," ಎಂದ.

ಚಳಿಗಾಲದಲ್ಲಿ ಅವಳ ತುಟಿ ಒಡೆಯಿತು, ಕೂದಲು ಉದುರಿತು, ಬೆಳಿಗ್ಗೆ ಏಳುತ್ತಲೇ ತಲೆನೋವು. ಚಳಿಯ ಮೇಲೆ ಹಾಕಿದೆವು. ಆಮೇಲೆ ಕಣ್ಣು ಮತ್ತಷ್ಟು ಮಂಜಾಯಿತು.

"ಕಣ್ಣ ಕಮ್ಮಿ ಆಗ್ಲಿಕತ್ತಾವ, ದಿನಾ ಎರಡು ತಗೋತೀನಿ. ಜಾಸ್ತಿ ಕಳಸು," ಎಂದು ಫೋನ್ ಮಾಡಿದಳು. ಕಳಿಸಿದೆ.

ಯುಗಾದಿಯ ಆ ವಾರವೇ ಅವಳನ್ನೂ ಭಾವನನ್ನೂ ಕಲಬುರಗಿಯ ಕಣ್ಣಿನ ವೈದ್ಯರ ಬಳಿ ಕರೆದೊಯ್ದೆ. ಕಣ್ಣಿನ ಹಿಂದಿನ ನರ ಎರಡೂ ಕಡೆ ಊದಿತ್ತು. ತಲೆಯ ಸ್ಕ್ಯಾನ್‌ನಲ್ಲಿ ಗಡ್ಡೆ ಇರಲಿಲ್ಲ. ಏನೇನು ಔಷಧಿ ನಡೆದಿದೆ ಎಂದು ಕೇಳಿದಾಗ ನಾನು ಪಟ್ಟಿಯನ್ನು ಮೇಜಿನ ಮೇಲಿಟ್ಟೆ.

"ಯಾವಾಗಿಂದ?"

"ಶ್ರಾವಣದಿಂದ್ರಿ," ಎಂದಳು ಅಕ್ಕ.

ವೈದ್ಯರು ಪೆನ್ನು ಕೆಳಗಿಟ್ಟರು. ಈ ವಿಟಮಿನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಹೆಚ್ಚಾದದ್ದು ಮೂತ್ರದಲ್ಲಿ ಹೋಗದೆ ಯಕೃತ್ತಿನಲ್ಲಿ ಕೂಡುತ್ತದೆ. ಅಲ್ಲಿ ತುಂಬಿದ ಮೇಲೆ ರಕ್ತಕ್ಕೆ ಬರುತ್ತದೆ. ಚರ್ಮ, ಕೂದಲು, ಮೂಳೆ ಕೆಡುತ್ತವೆ, ಮಿದುಳಿನ ಸುತ್ತಲಿನ ದ್ರವದ ಒತ್ತಡ ಏರಿ ಕಣ್ಣಿನ ನರವನ್ನು ಅದುಮುತ್ತದೆ. ಅವರು ಹೇಳಿದ್ದು ಇಷ್ಟು.

"ಹಂಗಾರ ನಮ್ಮೂರ ಕೆಂಪು ಬಾಳಿಹಣ್ಣು ತಿನ್ನೂದು ಬಿಡಸ್ಲೇನ್ರಿ? ಅದ್ರಾಗೂ ಎ ಅದ ಅಂತಾರ," ಎಂದರು ಭಾವ.

"ಬಾಳಿಹಣ್ಣು ಏನ್ ಮಾಡ್ಯದ ಪಾಪ? ಹಣ್ಣು ಕಾಯಿಪಲ್ಯದಾಗಿಂದು ಮೈಯಿಗಿ ಬೇಕಾದಷ್ಟೇ ಎ ಆಗ್ತದ. ಗುಳಗ್ಯಾಗ ಹಂಗಲ್ಲ, ಅದು ತಯಾರ್ ಮಾಲು, ನುಂಗಿದಷ್ಟೂ ಮೈಯಾಗ ಸೇರ್ತದ," ಎಂದರು ವೈದ್ಯರು.

ಅಕ್ಕ ನನ್ನ ಕಡೆ ನೋಡದೆ ಭಾವನಿಗೆ ಹೇಳಿದಳು: "ಬಾಳಿಹಣ್ಣು ಯಾಕ ಬಿಡಸ್ತೀರಿ, ಮೊದಲ ಈ ತಮ್ಮನ್ನ ಬಿಡಸ್ರಿ."

ವೈದ್ಯರು ನಕ್ಕರು. ಭಾವ ನಗಲಿಲ್ಲ.

"ಕಣ್ಣ ಪೂರಾ ಬರ್ತಾವೇನ್ರಿ?" ಎಂದು ಅವಳು ಕೇಳಿದಳು. ಈಗಲೇ ಹೇಳಲು ಬರುವುದಿಲ್ಲ ಎಂದರು.

ಗುಳಿಗೆ ಅಂದೇ ನಿಂತಿತು. ಒತ್ತಡ ಇಳಿಸಲು ಬೇರೆ ಔಷಧಿ ಕೊಟ್ಟರು. ಎರಡೆರಡು ಕಾಣುವುದು ಒಂದು ತಿಂಗಳಲ್ಲಿ ಹೋಯಿತು, ತಲೆನೋವು ಹೋಗಲು ಮೂರು ತಿಂಗಳು ಹಿಡಿಯಿತು. ಕಳೆದ ಸೋಮವಾರ ಮತ್ತೆ ತಪಾಸಣೆಯಾಯಿತು. ನರದ ಊತ ಇಳಿದಿದೆ. ಬಲಗಣ್ಣು ಸರಿಯಿದೆ. ಎಡಗಣ್ಣಿನ ನೋಟದಲ್ಲಿ, ಮೂಗಿನ ಬದಿಗೆ ಕೆಳಗೆ, ಕಪ್ಪು ಭಾಗವೊಂದು ಹಾಗೇ ಉಳಿದಿದೆ.