ಆಪಾ ಹೆಗಲಿಗೇರಿಸಿದ ಮಷಿನ್

ಮೊನ್ನೆ ಮುಂಜಾನೆ ಕೆಲಸಕ್ಕೆ ಹೊರಡುವ ಮುನ್ನ ಅಂಗಳದಲ್ಲಿ ಕುಳಿತು ಪೆಟ್ರೋಲಿಗೆ ಆಯಿಲ್ ಬೆರೆಸುತ್ತಿದ್ದೆ. ಕ್ಯಾನ್ ಅಲುಗಾಡಿಸುವಾಗ ಒಂದಿಷ್ಟು ಕೈಮೇಲೆ ಚೆಲ್ಲಿತು. ಸಾಬೂನು ಹಚ್ಚಿ ಎರಡು ಸಲ ತೊಳೆದರೂ ವಾಸನೆ ಹೋಗಲಿಲ್ಲ. ಬಾಜೂ ಮನೆಯ, ನಾವೆಲ್ಲ ಆಪಾ ಎಂದು ಕರೆಯುತ್ತಿದ್ದ ಮುಸ್ಲಿಂ ಅಕ್ಕನ ಸೆರಗಿನಿಂದ ವರ್ಷಗಟ್ಟಲೆ ಬರುತ್ತಿದ್ದುದು ಇದೇ ವಾಸನೆ...

ಮೂಡಲಗಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಆಪಾನ ಯಜಮಾನರು ಶಾಲೆ, ಕಾಲೇಜುಗಳ ಮೈದಾನ ಹಸನು ಮಾಡುವ ಗುತ್ತಿಗೆ ಹಿಡಿಯುತ್ತಿದ್ದರು. ಹುಲ್ಲು ಕತ್ತರಿಸುವುದು, ಟೊಂಗೆ ಸವರುವುದು, ತಗ್ಗು ತುಂಬಿ ರೋಲರ್ ಎಳೆಯುವುದು, ಆಟೋಟ ಬಂದರೆ ಸುಣ್ಣದ ಗೆರೆ ಹಾಕುವುದು. ಹೆಗಲಿಗೆ ನೇತು ಹಾಕಿಕೊಳ್ಳುವ ಹುಲ್ಲಿನ ಮಷಿನ್ ಒಂದೇ ಇತ್ತು. ದಿನಾ ಸಂಜೆ ಅದನ್ನು ಬಿಚ್ಚಿ ಒರೆಸಿ, ಬ್ಲೇಡು ಮಸೆದಿಡುವ ಕೆಲಸ ಆಪಾನದು. ಮೈದಾನಕ್ಕೆ ಮಾತ್ರ ಅವರು ಎಂದೂ ಹೋದವರಲ್ಲ.

ಒಂದು ಮಳೆಗಾಲದ ಕೊನೆಗೆ ಯಜಮಾನರು ಶಾಲೆಯೊಂದರಲ್ಲಿ ಟೊಂಗೆ ಕಡಿಯುವಾಗ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡರು. ಹುಕ್ಕೇರಿಯ ಒಂದು ಕಾಲೇಜಿನ ಮೈದಾನ ಆಗಲೇ ಒಪ್ಪಿಕೊಂಡಾಗಿತ್ತು. ಅದು ಕೈಬಿಟ್ಟರೆ ಉಳಿದವರೂ ಬೇರೆಯವರನ್ನು ನೋಡಿಕೊಳ್ಳುತ್ತಿದ್ದರು. ನಾನು ಆಗ ಕಬ್ಬಿನ ಹೊಲಗಳಿಗೆ ಕಳೆ ತೆಗೆಯಲು ಹೋಗುತ್ತಿದ್ದೆ. ಒಂದು ಸಂಜೆ ಆಪಾ ನಮ್ಮ ಹೊಸ್ತಿಲಲ್ಲಿ ಬಂದು ನಿಂತರು.

“ತಂಗೀ, ನಾಳೆ ಹೊಲಕ್ಕ ಹೋಗಬ್ಯಾಡ. ನನ್ನ ಕೂಡ ಹುಕ್ಕೇರಿಗೆ ಬಾ. ಐದ ದಿನದಾಗ ಅಲ್ಲಿ ಆಟ ಶುರು ಆಗ್ತಾವ.”

“ಮಷಿನ್ ಯಾರ್ ಹಿಡೀತಾರ್ರಿ ಆಪಾ?”

“ನಾ ಹಿಡೀತೇನಿ.”

ಬಸ್ಸಿನಲ್ಲಿ ಕಂಡಕ್ಟರ್ ಮಷಿನ್ ನೋಡಿ ಪೆಟ್ರೋಲ್ ಇದ್ದರೆ ಹತ್ತಿಸುವುದಿಲ್ಲವೆಂದ. ಆಪಾ ಟಾಕಿಯ ಮುಚ್ಚಳ ತೆಗೆದು, ಮಷಿನನ್ನು ಬೋರಲು ಮಾಡಿ ತೋರಿಸಿದರು. ಒಂದು ಹನಿಯೂ ಬೀಳಲಿಲ್ಲ. ಅವನು ಗೊಣಗುತ್ತಲೇ ಎರಡು ಟಿಕೆಟ್ ಹರಿದ. ಪೆಟ್ರೋಲನ್ನು ಹುಕ್ಕೇರಿಯಲ್ಲಿ ಇಳಿದ ಮೇಲೆ ಕೊಂಡೆವು.

ಕಾಲೇಜಿನ ಗೇಟಿನಲ್ಲಿ ಆಟದ ಮೇಷ್ಟ್ರು ನಮ್ಮ ಹಿಂದೆ ಇನ್ನಾರಾದರೂ ಬರುತ್ತಾರೇನೋ ಎಂದು ಇಣುಕಿದರು. “ನೀವ ಇಬ್ಬರೇನ್ರಿ? ಗಂಡಸರು ಯಾರೂ ಬಂದಿಲ್ಲೇನು?”

“ಗಂಡಸರು ಹಾಸಿಗಿ ಹಿಡದಾರ್ರಿ. ಹುಲ್ಲ ಅವರ ಸಲುವಾಗಿ ಕಾಯೂದಿಲ್ಲಲ್ರಿ ಸರ್.”

ಹುಲ್ಲು ನನ್ನ ಸೊಂಟದ ಮಟ್ಟ ಬೆಳೆದಿತ್ತು. ಯಜಮಾನರ ಎತ್ತರಕ್ಕೆ ಹೊಲಿದ ಪಟ್ಟಿ ಆಪಾಗೆ ಉದ್ದವಾಗಿ ಬ್ಲೇಡು ನೆಲಕ್ಕೆ ತಾಗುತ್ತಿತ್ತು. ಪಟ್ಟಿಗೆ ಎರಡು ಗಂಟು ಹಾಕಿದರು. ಹಗ್ಗ ಎಳೆದು ಎಳೆದು ರಟ್ಟೆ ಸೋತರೂ ಮಷಿನ್ ಚಾಲೂ ಆಗಲಿಲ್ಲ. ಮೆಟ್ಟಿಲ ಮೇಲೆ ಕುಳಿತ ಹುಡುಗರು ನಗುತ್ತಿದ್ದರು. ಆಪಾ ಅತ್ತ ತಿರುಗಿಯೂ ನೋಡದೆ ಪ್ಲಗ್ ಬಿಚ್ಚಿ, ಸೆರಗಿನಿಂದ ಒರೆಸಿ, ಬಿಸಿಲಿಗೆ ಒಣಗಿಸಿ ಮತ್ತೆ ಕೂರಿಸಿದರು. ಎರಡನೇ ಎಳೆತಕ್ಕೆ ಮಷಿನ್ ಗುಡುಗಿತು.

ಮಧ್ಯಾಹ್ನದ ತನಕ ಎಲ್ಲ ಸುಸೂತ್ರ. ಆಮೇಲೆ ಬ್ಲೇಡಿಗೆ ಸಿಕ್ಕ ಒಂದು ಕಲ್ಲು ಸಿಡಿದು ಆಫೀಸಿನ ಕಿಟಕಿ ಗಾಜು ಒಡೆಯಿತು. ಒಳಗೆ ಬರೆಯುತ್ತ ಕುಳಿತಿದ್ದ ಗುಮಾಸ್ತರ ಮೇಜಿನ ತುಂಬ ಗಾಜಿನ ಚೂರು. ಪುಣ್ಯಕ್ಕೆ ಅವರಿಗೇನೂ ಆಗಿರಲಿಲ್ಲ.

ಆಟದ ಮೇಷ್ಟ್ರು ಓಡಿ ಬಂದರು. “ಸಾಕು, ನಿಲ್ಲಸ್ರಿ! ಕಣ್ಣಿಗಿ ಬಡದಿದ್ರ ಏನ್ ಗತಿ? ಬ್ಯಾರೆ ಮಂದೀನ ಕರಸ್ತೀನಿ.”

ಆಪಾ ಮಷಿನ್ ಆರಿಸಿದರು. “ತಪ್ಪಾತ್ರಿ ಸರ್. ಗಾಜು ನಾ ಹಾಕಸ್ತೇನಿ. ನಾಳೆ ಒಂದ ದಿನ ಕೊಡ್ರಿ. ಇನ್ನೊಂದ ಕಲ್ಲ ಹಾರಿದ್ರ ನೀವ ಹೇಳೂದ ಬ್ಯಾಡ, ನಾವ ಹೋಗ್ತೇವಿ.”

ಮೇಷ್ಟ್ರು ಒಡೆದ ಕಿಟಕಿಯನ್ನೊಮ್ಮೆ ನೋಡಿ ಹೂಂ ಎಂದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನೇ ಬಾಯಿಬಿಟ್ಟೆ. “ಹೊಲದಾಗ ಕಳೇಕ ಸಾಲ ಹಿಡದಂಗ ಕೂತ್ಕೊಂಡ ಕಲ್ಲ ಆರಿಸೂನ್ರಿ ಆಪಾ. ನಮ್ಮ ಕಡೆ ಇಬ್ಬರನ್ನ ಕರೀತೇನಿ.”

ಮರುದಿನ ನಾಲ್ವರು ಹೆಂಗಸರು ಮೈದಾನದ ಒಂದು ತುದಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು, ಹುಲ್ಲು ಸರಿಸುತ್ತ ಇನ್ನೊಂದು ತುದಿಗೆ ಹೊರಟೆವು. ಕಲ್ಲು, ಬಾಟಲಿ ಚೂರು, ತಂತಿ, ಮುರಿದ ಕುರ್ಚಿಯ ಕಾಲು, ಏನೆಲ್ಲ ಸಿಕ್ಕಿತು! ಬುಟ್ಟಿ ತುಂಬಿದಂತೆ ಗೋಡೆಯ ಪಕ್ಕ ಸುರಿದೆವು. ಹುಲ್ಲಿನ ಅಲಗಿಗೆ ಬೆರಳೆಲ್ಲ ಗೀರಿದ್ದವು. ಮಧ್ಯಾಹ್ನ ರೊಟ್ಟಿಗೆ ಹಚ್ಚಿದ ಖಾರ ತಾಗಿ ಉರಿದಾಗ ಎಲ್ಲರೂ ಒಟ್ಟಿಗೇ ಕೈ ಝಾಡಿಸಿ ನಕ್ಕೆವು.

ಮೂರನೇ ದಿನ ಆಪಾ ಮತ್ತೆ ಮಷಿನ್ ಹಿಡಿದರು. ಕಟ್ಟಡದ ಹತ್ತಿರದ ಹುಲ್ಲನ್ನು ನಾವು ಕುಡಗೋಲಿನಿಂದಲೇ ಕೊಯ್ದೆವು. ಒಂದು ಕಲ್ಲೂ ಹಾರಲಿಲ್ಲ. ನಾಲ್ಕನೇ ದಿನ ಮಳೆ ಸುರಿದು ಓಟದ ಅಂಕಣದ ಒಂದು ಮೂಲೆ ಕೆಸರಾಯಿತು. ರೋಲರ್ ಹೂತುಕೊಂಡಿತು. ಬುಟ್ಟಿಯಲ್ಲಿ ಗರಸು ಮಣ್ಣು ಹೊತ್ತು ಸುರಿದು, ತುಳಿದು, ಮತ್ತೆ ಸುರಿದೆವು. ಐದನೇ ದಿನ ಸುಣ್ಣದ ಗೆರೆ ಬಿದ್ದ ಮೇಲೆ ಮೇಷ್ಟ್ರು ಬೂಟು ಕಳಚಿ ಬರಿಗಾಲಲ್ಲಿ ಇಡೀ ಮೈದಾನ ಸುತ್ತಿ ಬಂದರು. ಚಲೋ ಆಗಿದೆ ಎನ್ನಲಿಲ್ಲ. “ಹಾಸ್ಟೆಲ್ ಹಿಂದಿನ ಜಾಗಾನೂ ನೋಡ್ತೀರೇನ್ರಿ?” ಎಂದರು.

ಯಜಮಾನರು ಕೋಲು ಹಿಡಿದು ಎದ್ದು ಓಡಾಡಿದರು, ಆದರೆ ಮಷಿನ್ ಎತ್ತಲು ಮತ್ತೆ ಆಗಲಿಲ್ಲ. ಆಪಾ ಕೆಲಸ ಬಿಡಲಿಲ್ಲ. ಗೋಕಾಕದ ರಿಪೇರಿ ಅಂಗಡಿಯವರು ಇವರು ಹೋದರೆ ಸ್ಟೂಲ್ ಸರಿಸಿ ಕೊಡುತ್ತಿದ್ದರು. ಎರಡನೇ ಮಷಿನ್ ಕೊಂಡ ದಿನ ಅದನ್ನು ನೇರವಾಗಿ ನನ್ನ ಹೆಗಲಿಗೆ ಹಾಕಿದರು. ಬರಬರುತ್ತ ಸದ್ದಿಗೆ ಅವರ ಎಡಕಿವಿ ಮಂದವಾಯಿತು. ನಡುಕಕ್ಕೆ ಬೆರಳು ಜೋಮು ಹಿಡಿದು, ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಒಂದು ದಿನವಾದರೂ ಮನೆಯಲ್ಲಿ ಇರಿ ಎಂದರೆ, “ಮೊದಲ ಕೆಲಸ ಮುಗೀಲಿ” ಎನ್ನುತ್ತಿದ್ದರು.

ಹೋದ ಬೇಸಿಗೆಯಲ್ಲಿ ಜ್ವರವೆಂದು ಮಲಗಿದ ಆಪಾ ಏಳಲಿಲ್ಲ. ಮಣ್ಣಿಗೆ ಹೆಂಗಸರು ಹೋಗುವ ರೂಢಿ ಅವರಲ್ಲಿಲ್ಲ. ನಾನು ಓಣಿಯ ತಿರುವಿನಲ್ಲೇ ನಿಂತುಬಿಟ್ಟೆ...

ಮೊನ್ನೆ ನಾನು ಹೊರಟಿದ್ದು ಊರಾಚೆಯ ಕಬರಸ್ತಾನಕ್ಕೆ. ಜನ ಗೋರಿಗಳಿಗೆ ಬಂದು ಪ್ರಾರ್ಥಿಸುವ ಶಬೇ ಬರಾತ್‌ಗೆ ಮುಂಚೆ ಒಣಹುಲ್ಲು, ಮುಳ್ಳು ತೆಗೆಯಬೇಕಿತ್ತು. ಬಾಗಿಲಲ್ಲಿದ್ದ ಹಿರಿಯರು ನನ್ನನ್ನು ನೋಡಿ ತಡವರಿಸಿದರು. ಕೋಲೂರಿಕೊಂಡು ಬಂದ ಆಪಾನ ಯಜಮಾನರು, “ಕೆಲಸಕ್ಕ ಬಂದಾಳ್ರಿ, ಬಿಡ್ರಿ” ಎಂದರು. ಒಳಗೆ ಹೋದ ಮೇಲೆ ಬೇವಿನ ಗಿಡದ ಕಡೆ ಕೈ ಮಾಡಿ ತೋರಿಸಿದರು.

ಹುಲ್ಲು ಕತ್ತರಿಸುತ್ತ ಅಲ್ಲಿಗೆ ಮುಟ್ಟಿದಾಗ ಮಷಿನ್ ಆರಿಸಿ ಕೆಳಗಿಟ್ಟೆ. ಆಪಾನ ಗೋರಿಯ ಮಣ್ಣು ಅರ್ಧ ಕುಸಿದಿತ್ತು, ಮೇಲೆ ಹುಲ್ಲು ಒಣಗಿ ನಿಂತಿತ್ತು. ಒಂದೊಂದಾಗಿ ಕೈಯಿಂದಲೇ ಕಿತ್ತೆ. ಕಣ್ಣಿಗೆ ನೀರು ಬಂತು.

ಬಿಸಿಲೇರುತ್ತಿತ್ತು. ಇನ್ನೂ ಅರ್ಧ ಜಾಗ ಬಾಕಿ ಇತ್ತು. ಎದ್ದು ಹಗ್ಗ ಎಳೆದೆ.