ಮೂರು ಮಂದಿ, ಒಂದು ಹರಳು

ನನ್ನ ಮದುವೆಯ ಮಾತುಕತೆಯ ಕಥೆಯನ್ನು ನಮ್ಮ ಮನೆಯಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ಒಂದೇ ರೀತಿ ಹೇಳುತ್ತಾರೆ. ಅದಕ್ಕೇ ನನಗೆ ಅದರ ಮೇಲೆ ನಂಬಿಕೆ ಕಡಿಮೆ. ಹಲವರ ನೆನಪು ಅಕ್ಷರ ತಪ್ಪದೆ ಹೊಂದಿಕೊಂಡರೆ, ಅವರೆಲ್ಲ ಎಲ್ಲೋ ಒಂದು ಕಡೆ ಕೂತು ಚಹಾ ಕುಡಿದಿದ್ದಾರೆ ಎಂದೇ ಅರ್ಥ. ಆ ದಿನಗಳ ನನ್ನ ಡೈರಿಯೂ ಸಹಾಯಕ್ಕೆ ಬರುವುದಿಲ್ಲ. ಅದರಲ್ಲಿ ಬಸ್ಸಿನ ಧೂಳು ಮತ್ತು ನನ್ನ ಹೊಟ್ಟೆಯ ತೊಂದರೆ ಬಿಟ್ಟರೆ ಬೇರೇನೂ ಇಲ್ಲ.

ಅರವತ್ತರ ದಶಕದ ಆರಂಭ. ನಾನು ಮುಂಬಯಿಯ ಒಂದು ಸಂಶೋಧನಾಲಯದಲ್ಲಿ ಗಣಕಯಂತ್ರದ ಕೆಲಸದಲ್ಲಿದ್ದೆ. ಕೋಣೆಯ ತುಂಬ ಗಾಜಿನ ಬಲ್ಬಿನಂಥ ಬಿಸಿ ವಾಲ್ವುಗಳು. ಯಾವಾಗ ಯಾವುದು ಸಾಯುತ್ತದೋ ಹೇಳುವಂತಿರಲಿಲ್ಲ. ಸತ್ತು ಸುಮ್ಮನಿದ್ದರೆ ಚಿಂತೆಯಿರಲಿಲ್ಲ. ಸಾಯುವ ಮುಂಚೆ ವಾಲ್ವು ತಪ್ಪು ಉತ್ತರವನ್ನು ಬಲು ಗಟ್ಟಿಯಾಗಿ ಕೊಡುತ್ತಿತ್ತು, ನಿವೃತ್ತಿಗೆ ಬಂದ ಹೆಡ್‌ಮಾಸ್ತರರ ಹಾಗೆ. ನಂಬಲಾಗದ ಭಾಗಗಳಿಂದ ನಂಬಬಹುದಾದ ಯಂತ್ರವನ್ನು ಹೇಗೆ ಕಟ್ಟಬೇಕು ಎಂಬುದು ನಮ್ಮ ಪ್ರಶ್ನೆ. ಒಂದೇ ಲೆಕ್ಕವನ್ನು ಮೂರು ಸರ್ಕ್ಯೂಟುಗಳಿಗೆ ಕೊಟ್ಟು, ಎರಡು ಹೇಳಿದ್ದನ್ನು ನಿಜವೆಂದು ತೆಗೆದುಕೊಳ್ಳುವುದು ನಾವು ಹಿಡಿದ ದಾರಿ. ಒಂದು ಕೆಟ್ಟರೂ ಉತ್ತರ ಕೆಡುವುದಿಲ್ಲ. ಮೂರೂ ಕೂಡಿ ಕೆಡಬಾರದು, ಅಷ್ಟೆ. ಆ ಷರತ್ತನ್ನು ನಾನು ಪ್ರಬಂಧದ ಅಡಿಟಿಪ್ಪಣಿಯಲ್ಲಿ ಹಾಕಿದ್ದೆ. ಅಡಿಟಿಪ್ಪಣಿಯನ್ನು ಯಾರು ಓದುತ್ತಾರೆ? ಬರೆದ ನಾನೂ ಓದಿರಲಿಲ್ಲ.

ಬೇಸಿಗೆಗೆ ನಮ್ಮೂರು ಗೋಕಾಕಕ್ಕೆ ಬಂದಾಗ ಹುಕ್ಕೇರಿಯ ಒಂದು ಸಂಬಂಧ ಮಾತಿಗೆ ಬಂದಿತ್ತು. ಹುಡುಗಿ ಅಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದಳು. ಅವಳನ್ನು ನಾನು ಯಾರದೋ ಮದುವೆಯಲ್ಲಿ ಒಮ್ಮೆ ನೋಡಿದ್ದೆ. ಊಟದ ಪಂಕ್ತಿಯಲ್ಲಿ ನಿಂತು, ಸಾಲಿನ ಕೊನೆಗೆ ಕೂತವರಿಗೂ ಹೊಟ್ಟೆ ಇದೆ ಎಂದು ಬಡಿಸುವವನನ್ನು ದಬಾಯಿಸುತ್ತಿದ್ದಳು. ನನಗೆ ಮನಸ್ಸಾಗಿತ್ತು. ಅವಳಿಗೆ ಮನಸ್ಸಿದೆಯೇ ಎಂಬುದಷ್ಟೇ ತಿಳಿಯಬೇಕಿತ್ತು. ಅವಳ ಅಪ್ಪನಿಗೆ ಮನಸ್ಸಿರುವುದು ಊರಿಗೆಲ್ಲ ಗೊತ್ತು. ಆದರೆ ಹುಡುಗ ತಾನೇ ಹೋಗಿ ಹುಡುಗಿಯನ್ನು ಕೇಳುವ ರೂಢಿ ನಮ್ಮಲ್ಲಿ ಇರಲಿಲ್ಲ. ಕೇಳಿಬರಲು ಹೋದ ಹಿರಿಯರು ಅಪ್ಪನ ಒಪ್ಪಿಗೆಯನ್ನೇ ಮಗಳ ಒಪ್ಪಿಗೆಯೆಂದು ತರುತ್ತಿದ್ದರು.

ಹೀಗಾಗಿ ನಮ್ಮ ಯಂತ್ರವನ್ನು ನಾನು ಬಂಧುಗಳಲ್ಲಿ ಕಟ್ಟಿದೆ. ಮೂಡಲಗಿಯಿಂದ ಅವ್ವನ ಅಣ್ಣ, ನನ್ನ ಮಾವ. ಅಂಕಲಗಿಯಿಂದ ಅಪ್ಪನ ಅಕ್ಕ, ನನ್ನ ಅತ್ತೆ. ನಮ್ಮ ಮನೆಯಲ್ಲೇ ಇದ್ದ ಅಪ್ಪನ ತಮ್ಮ, ನನ್ನ ಕಾಕಾ. ಮೂವರನ್ನೂ ಕಟ್ಟೆಯ ಮೇಲೆ ಕೂಡಿಸಿ ಹೇಳಿದೆ:

“ಒಬ್ಬೊಬ್ಬರಾಗಿ, ಬ್ಯಾರೆ ಬ್ಯಾರೆ ದಿನ ಹೋಗ್ರಿ. ಹುಡುಗೀನ್ನಽ ಕೇಳ್ರಿ. ಮೂವರೊಳಗ ಇಬ್ಬರು ಏನ ಹೇಳತೀರಿ, ಅದು ಖರೆ ಅಂತ ತಿಳಕೋತೀನಿ.”

“ಅಂದ್ರ ನಮ್ಮೊಳಗ ಒಬ್ಬರು ಸುಳ್ಳ ಹೇಳತೇವಿ ಅಂತ ಮೊದಲಽ ಗೊತ್ತ ಮಾಡಿ ಏನು?” ಎಂದ ಕಾಕಾ.

“ಸುಳ್ಳಲ್ಲ ಕಾಕಾ. ಮಾತು ಕೆಡಬಹುದು.”

“ನಾವೇನ ಹಾಲೇನೋ ತಮ್ಮಾ, ಕೆಡಾಕ?” ಎಂದಳು ಅತ್ತೆ.

“ಇದಕ್ಕ ಇವಗ ಪಗಾರ ಬ್ಯಾರೆ ಕೊಡತಾರ,” ಎಂದ ಮಾವ, ನನಗಲ್ಲ, ಅಂಗಳದಲ್ಲಿ ಕಟ್ಟಿದ್ದ ಎಮ್ಮೆಗೆ.

ಒಪ್ಪಿದರು. ಒಪ್ಪಿ, ಮೂವರೂ ಒಂದೇ ದಿನ, ಒಂದೇ ಬಸ್ಸಿನಲ್ಲಿ, ಒಂದೇ ಬುತ್ತಿ ಕಟ್ಟಿಕೊಂಡು ಹೋದರು. ಬೀಗರ ಮನೆಗೆ ಒಬ್ಬರೇ ಹೋದರೆ ಸಾವಿನ ಸುದ್ದಿ ತಂದವರಂತೆ ಕಾಣುತ್ತೇವೆ ಎಂಬುದು ಅತ್ತೆಯ ವಾದ. ಆದರೆ ಒಳ್ಳೆಯ ಕೆಲಸಕ್ಕೆ ಮೂರು ಮಂದಿ ಹೊರಡುವಂತಿಲ್ಲವಲ್ಲ? ಅದಕ್ಕೆ ಮಾವ ರೂಢಿಯ ಪ್ರಕಾರ ಹಾದಿಯಲ್ಲಿ ಬಿದ್ದಿದ್ದ ಒಂದು ಕಲ್ಲಿನ ಹರಳು ಎತ್ತಿ ಕಿಸೆಗೆ ಹಾಕಿಕೊಂಡ, ನಾಲ್ಕನೆಯವನೆಂದು. ನನ್ನ ಯಂತ್ರದಲ್ಲಿ ಮತದಾರರು ಸಮಸಂಖ್ಯೆಯಾದರು.

ಸಂಜೆ ಮರಳಿದವರನ್ನು ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳಿದೆ.

“ಹುಡುಗಿ ನಕ್ಕು ಒಳಗ ಹೋದ್ಲು,” ಎಂದ ಮಾವ.

“ಹುಡುಗಿ ನಕ್ಕು ಒಳಗ ಹೋದ್ಲು,” ಎಂದ ಕಾಕಾ.

“ಹುಡುಗಿ ನಕ್ಕು ಒಳಗ ಹೋದ್ಲು,” ಎಂದು ಅತ್ತೆ ಗೋಡೆಗೆ ಹೇಳಿದಳು.

ಪ್ರಯೋಗಾಲಯದಲ್ಲಿ ಇಂಥ ಉತ್ತರ ಬಂದಿದ್ದರೆ ಪೇಡೆ ಹಂಚುತ್ತಿದ್ದೆವು. ನಾನೂ ಹಿಗ್ಗಿ ಮಲಗಿದೆ. ಬೆಳಿಗ್ಗೆ ಮಾವ ಮುಹೂರ್ತ ತೆಗೆಸುವ ಮಾತಾಡುತ್ತಿದ್ದಾಗ ಆ ನಗು ನನ್ನನ್ನು ಕಾಡತೊಡಗಿತು. ಪಂಕ್ತಿಯಲ್ಲಿ ನಾನು ನೋಡಿದವಳು ನಕ್ಕು ಒಳಗೆ ಹೋಗುವ ಪೈಕಿ ಅಲ್ಲ. ಅಂಕಲಗಿಗೆ ಹೊರಟಿದ್ದ ಅತ್ತೆಯನ್ನು ಹಿತ್ತಲಿಗೆ ಕರೆದೆ.

“ಅತ್ತಿ, ನೀ ಆಕೀನ್ನ ಖರೇನ ನೋಡಿದ್ಯಾ?”

“ನಾ ನೋಡೀನಿ. ಅವರಿಬ್ಬರು ನೋಡಿಲ್ಲ. ಪಡಸಾಲ್ಯಾಗ ಕುಂತು ಆಕಿ ಅಪ್ಪನ ಕೂಡ ಅವಲಕ್ಕಿ ತಿಂದ್ರು.”

“ಆಕಿ ನಿನಗ ಏನಂದ್ಲು?”

“ಸಾಲಿ ಬಿಟ್ಟು ಮುಂಬಯಿಗೆ ಬರಾಂಗಿಲ್ಲ, ಅದಕ್ಕ ಹುಡುಗ ಹ್ಞೂಂ ಅಂದ್ರ ಮುಂದಿನ ಮಾತು, ಅಂದ್ಲು.”

“ಮತ್ತ ನೀನೂ ನಕ್ಕು ಒಳಗ ಹೋದ್ಲು ಅಂದಿ?”

ಅತ್ತೆ ನನ್ನನ್ನು ಕನಿಕರದಿಂದ ನೋಡಿದಳು. “ಹೊಳ್ಳಿ ಬರೂ ಹಾದ್ಯಾಗ ಕೊಣ್ಣೂರಾಗ ಚಾ ಕುಡಿಯೂ ಮುಂದ ಮೂವರೂ ಕೂಡಿ ಮಾತಾಡಿದ್ವಿ. ಹುಡುಗಿ ಒಪ್ಯಾಳ ಅಂತ ಅವರಿಬ್ಬರು, ಇಲ್ಲಂತ ನಾ ಒಬ್ಬಾಕಿ. ಇಬ್ಬರು ಹೇಳಿದ್ದು ಖರೆ ಅಂತ ನೀನಽ ಹೇಳಿದ್ದೆಲ್ಲೋ?”

ಯಂತ್ರ ಎಲ್ಲಿಯೂ ಕೆಟ್ಟಿರಲಿಲ್ಲ. ಹೇಳಿಕೊಟ್ಟ ಹಾಗೆಯೇ ನಡೆದು, ಕೇಳಿಸಿಕೊಂಡು ಬಂದ ಒಬ್ಬಳನ್ನು ಅವಲಕ್ಕಿ ತಿಂದ ಇಬ್ಬರಿಂದ ಸೋಲಿಸಿತ್ತು. ಹುಕ್ಕೇರಿಗೆ ಹೋಗಿಬಂದವರಲ್ಲಿ ಸುಳ್ಳು ಹೇಳದೆ ಉಳಿದದ್ದು ಮಾವನ ಕಿಸೆಯ ಹರಳು ಮಾತ್ರ.

ಮುಂದಿನ ಬಸ್ಸಿಗೆ ನಾನೇ ಹೋದೆ. ಬಾಗಿಲಲ್ಲಿ ನನ್ನನ್ನು ಒಬ್ಬನನ್ನೇ ಕಂಡ ಅವಳ ಅಪ್ಪನ ಮುಖ ಬಿಳಿಚಿತು.

“ಯಾರು ತೀರಿಕೊಂಡ್ರ್ರಿ?”

“ಯಾರೂ ಇಲ್ರಿ. ನಿಮ್ಮ ಮಗಳ ಕೂಡ ಎರಡು ಮಾತಾಡಬೇಕಾಗಿತ್ತು.”

ಯಾರೂ ಸತ್ತಿಲ್ಲ ಎಂಬ ಸಮಾಧಾನದಲ್ಲಿ ಅವರು ಒಪ್ಪಿಬಿಟ್ಟರು. ಅವಳು ನಡುಮನೆಯ ಬಾಗಿಲಿಗೆ ಬಂದು ನಿಂತಳು.

“ನಿಮ್ಮ ಅತ್ತ್ಯಾರಿಗೆ ಎಲ್ಲಾ ಹೇಳೀನೆಲ್ರಿ.”

“ನಿಮ್ಮ ಬಾಯಿಂದ ಕೇಳಬೇಕಂತ ಬಂದೆ.”

“ಎಷ್ಟ ಸಲ ಹೇಳಬೇಕ್ರಿ?”

“ಒಂದ ಸಲ ಸಾಕು.”

“ಸಾಲಿ ಬಿಡೂದಿಲ್ಲ. ನೀವು ಅಲ್ಲಿ, ನಾ ಇಲ್ಲಿ. ರಜಾದಾಗ ಬರ್ರಿ. ಆಗೂದಿಲ್ಲಂದ್ರ ಈಗಽ ಹೇಳ್ರಿ, ಅಪ್ಪಗ ನಾ ತಿಳಿಸತೀನಿ.”

“ಆಗತೈತಿ,” ಎಂದೆ. ವಿಚಾರ ಮಾಡಲಿಲ್ಲ. ಮಾಡಿದ್ದರೆ ನನ್ನೊಳಗಿಂದಲೇ ಮೂರು ಉತ್ತರ ಬರುತ್ತಿದ್ದವು.

ಮದುವೆಯಾಯಿತು. ಅವಳು ಹುಕ್ಕೇರಿಯ ಶಾಲೆಯಲ್ಲೇ ಉಳಿದಳು, ನಾನು ಮುಂಬಯಿಗೆ ಮರಳಿದೆ. ಅಲ್ಲಿ ಮೊದಲು ಮಾಡಿದ ಕೆಲಸವೆಂದರೆ, ನಮ್ಮ ಮೂರು ಸರ್ಕ್ಯೂಟುಗಳಿಗೆ ವಿದ್ಯುತ್ತು ಎಲ್ಲಿಂದ ಬರುತ್ತದೆಂದು ತಂತಿ ಹಿಡಿದುಕೊಂಡು ಹೋಗಿ ನೋಡಿದ್ದು. ಮೂರಕ್ಕೂ ಒಂದೇ ಪೆಟ್ಟಿಗೆಯಿಂದ ಬರುತ್ತಿತ್ತು. ಕೊಣ್ಣೂರಿನ ಚಹಾದಂಗಡಿ ಅಲ್ಲಿಯೂ ಇತ್ತು. ಅಡಿಟಿಪ್ಪಣಿಯನ್ನು ಪ್ರಬಂಧದ ಮೊದಲ ಪುಟಕ್ಕೆ ತಂದೆ. ತಂದ ಮೇಲೆ ಉಳಿದ ಪುಟಗಳಲ್ಲಿ ಬಹಳಷ್ಟು ಬಿದ್ದುಹೋದವು.

ಒಂದು ಮಾತು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಆ ದಿನ ನಾನು ಆಗತೈತಿ ಎಂದಾಗ ಅವಳು ನಕ್ಕು ಒಳಗೆ ಹೋದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಮಾವನಿಗೂ ಕಾಕಾನಿಗೂ ಹಾಗೆಯೇ ಕಟ್ಟಿದೆ. ಅವರು ಅಲ್ಲಿರಲೇ ಇಲ್ಲ.

“ನಾ ಎಲ್ಲಿ ನಕ್ಕೀನ್ರಿ?” ಎನ್ನುತ್ತಾಳೆ ಹೆಂಡತಿ. “ನೀವು ಬಿಸಲಾಗ ಬಂದು ಬೆವತು ನಿಂತಿದ್ರಿ. ಕುಂದರ್ರಿ ಅಂದು ನೀರು ತರಾಕ ಹೋದೆ.”

ಈ ಕಡೆ ನಾವು ಮೂವರು, ಆ ಕಡೆ ಅವಳೊಬ್ಬಳು. ಅವಳು ನಗಲಿಲ್ಲ ಎಂದು ಬರೆಯುತ್ತಿದ್ದೇನೆ.